ರೇಷ್ಮೆ ಹುಳಕ್ಕಿರೋ ಮರ್ಯಾದೆ ನಮ್ಮ ಕಾಲಿಗೆ ಯಾಕಿಲ್ಲ ಸ್ವಾಮಿ?

"ಜನಕ್ಕೆ ತಿಳುವಳಿಕೆ ಇಲ್ಲ ರೀ..."

ಶುಗರ್ ಗಾಯದಿಂದ ಯಾರದೋ ಕಾಲು ಹೋಯಿತು ಅಂದಾಗಲೆಲ್ಲ ನಮ್ಮ ಕಡೆ ಕೇಳಿಬರುವ ಮಾತು ಇದು. ಡಾಕ್ಟರು ಹೇಳ್ತಾರೆ, ನರ್ಸಮ್ಮ ಹೇಳ್ತಾರೆ, ಕಿತ್ತಳೆಹಣ್ಣು ಹಿಡಿದು ನೋಡೋಕೆ ಬಂದ ಓದಿದ ನೆಂಟರು ಹೇಳ್ತಾರೆ. ಕೊನೆಗೆ ಕಾಲು ಕಳೆದುಕೊಂಡವನೇ "ನಂದೇ ತಪ್ಪು ಬಿಡಿ, ನಮಗೇನು ಗೊತ್ತಾಗುತ್ತೆ" ಅಂದುಬಿಡ್ತಾನೆ. ಅಲ್ಲಿಗೆ ಎಲ್ಲರಿಗೂ ಸಮಾಧಾನ. ಕೇಸು ಮುಗೀತು!

ನನಗೆ ಮಾತ್ರ ಈ ಮಾತು ಕೇಳಿದರೆ ಮೈ ಉರಿಯುತ್ತೆ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಂಡು ಓದಿ.

ಶಿಡ್ಲಘಟ್ಟದ ಕಡೆ ಯಾವುದಾದರೂ ಹಳ್ಳಿಗೆ ಹೋಗಿ. ಇಸ್ಕೂಲು ಮೆಟ್ಟಿಲು ಹತ್ತದ ರೈತನನ್ನು ಹುಳು ಮನೆ ಹತ್ತಿರ ನಿಲ್ಲಿಸಿ ಮಾತಾಡಿಸಿ. ಹಾಲುತೊಂಡೆ ಅಂದರೇನು, ಸಪ್ಪೆ ರೋಗ ಅಂದರೇನು, ಸುಣ್ಣಕಟ್ಟು ಯಾವಾಗ ಬರುತ್ತೆ, ಗಂಟು ರೋಗ ಮೊಟ್ಟೆಯಿಂದಲೇ ಹೇಗೆ ಬರುತ್ತೆ... ಬಾಯಿಪಾಠ ಒಪ್ಪಿಸ್ತಾನೆ. ಹುಳು ಎಷ್ಟನೇ ಜ್ವರದಲ್ಲಿದೆ ಅಂತ ನೋಡಿದ ಕೂಡಲೇ ಹೇಳ್ತಾನೆ. ಮನೆಯೊಳಗೆ ಸೆಕೆ ಜಾಸ್ತಿ ಆಯಿತೋ, ತೇವ ಕಮ್ಮಿ ಆಯಿತೋ ಅಂತ ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ನೋಡಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ತಾನೆ. ದಿನಾ ತಟ್ಟೆ ತಟ್ಟೆ ನೋಡಿ ಕಾಯಿಲೆ ಹುಳುವನ್ನು ಆರಿಸಿ ತೆಗೀತಾನೆ. ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿದ ಚೀಲದ ಮೇಲೆ ಕಾಲಿಟ್ಟು, ಕೈ ತೊಳೆದೇ ಹೋಗ್ತಾನೆ. ಹುಳುವಿಗೆ ಸೋಂಕು ತಗಲಬಾರದಲ್ಲ!

ಇವನಿಗೆ ತಿಳುವಳಿಕೆ ಇಲ್ಲವಂತೆ!! ಬೆರಳುದ್ದದ ಹುಳದ ನಾಲ್ಕು ಕಾಯಿಲೆ ಕಲಿತವನು, ತನ್ನದೇ ಪಾದದ ಒಂದು ಕಾಯಿಲೆ ಕಲಿಯಲಾರನೇ? ಕಲಿಯಬಲ್ಲ. ಆದರೆ ಹುಳದ ಪಾಠ ಅವನಿಗೆ ಯಾರೋ ಕಲಿಸಿದರು. ಕಾಲಿನ ಪಾಠ ಯಾರೂ ಕಲಿಸಲಿಲ್ಲ. ವ್ಯತ್ಯಾಸ ಇಷ್ಟೇ.

ಮೊದಲು ಈ ಗಾಯ ಹೇಗೆ ಆಗುತ್ತೆ ಅಂತ ನೋಡೋಣ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಪಾದದ ನರಗಳು ಸಾಯುತ್ತಾ ಬರ್ತವೆ. ಮೊದಲು ಜುಮ್ಮನ್ನುತ್ತೆ, ರಾತ್ರಿ ಉರಿಯುತ್ತೆ, ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುತ್ತೆ. ಆಮೇಲೆ ಏನೂ ಅನ್ನಿಸೋದಿಲ್ಲ. ಅಪಾಯ ಇರೋದು ಈ "ಏನೂ ಅನ್ನಿಸದ" ಹಂತದಲ್ಲಿ. ಉರಿ ನಿಂತಿತಲ್ಲ, ವಾಸಿಯಾಯಿತು ಅಂತ ಜನ ಖುಷಿಪಡ್ತಾರೆ. ಜಾಲಿ ಮುಳ್ಳು ಚುಚ್ಚಿದರೆ ಗೊತ್ತಿಲ್ಲ. ಚಪ್ಪಲಿಯೊಳಗೆ ಕಲ್ಲು ಸೇರಿದ್ದರೆ ಗೊತ್ತಿಲ್ಲ. ಬಿಸಿನೀರಲ್ಲಿ ಕಾಲಿಟ್ಟರೆ ಚರ್ಮ ಬೆಂದಿದ್ದೂ ಗೊತ್ತಿಲ್ಲ. ರಾತ್ರಿ ಮಲಗಿದ್ದಾಗ ಇಲಿ ಬೆರಳು ಕಚ್ಚಿದ್ದನ್ನು ಬೆಳಿಗ್ಗೆ ಹಾಸಿಗೆ ಮೇಲಿನ ರಕ್ತ ನೋಡಿ ತಿಳಿದುಕೊಂಡವರಿದ್ದಾರೆ. ಕಟ್ಟುಕತೆ ಅಲ್ಲ, ಡಾಕ್ಟರುಗಳೇ ಬರೆದಿಟ್ಟಿರುವ ವಿಷಯ. ಇದರ ಜತೆ ಬೀಡಿ ಸಿಗರೇಟು ಇದ್ದರಂತೂ ಕಾಲಿಗೆ ರಕ್ತ ಹೋಗೋದೂ ಕಮ್ಮಿ. ಗಾಯ ಮಾಯೋದೇ ಇಲ್ಲ.

ನೋವಿಲ್ಲದ ಗಾಯಕ್ಕೆ ಯಾರು ಆಸ್ಪತ್ರೆಗೆ ಹೋಗ್ತಾರೆ ಹೇಳಿ? ನಮ್ಮ ಇಡೀ ಬದುಕೇ "ನೋವಿದ್ದರೆ ಕಾಯಿಲೆ, ನೋವಿಲ್ಲದಿದ್ದರೆ ಆರೋಗ್ಯ" ಅನ್ನೋ ಲೆಕ್ಕದ ಮೇಲೆ ನಿಂತಿದೆ. ಈ ಕಾಯಿಲೆಯಲ್ಲಿ ಆ ಲೆಕ್ಕ ತಲೆಕೆಳಗು. ಇದನ್ನು ಯಾರಾದರೂ ಕೂರಿಸಿಕೊಂಡು ಹೇಳದ ಹೊರತು ತಾನಾಗಿ ಹೊಳೆಯೋ ವಿಷಯವೇ ಅಲ್ಲ.

ಇದನ್ನು ಕಂಡುಹಿಡಿದ ಕತೆಯೂ ನಮ್ಮಿಂದ ದೂರದ್ದಲ್ಲ. ಚಿಂತಾಮಣಿಯಿಂದ ಒಂದು ಹಗಲಿನ ದಾರಿ, ವೆಲ್ಲೂರು. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್ ಅನ್ನೋ ಸರ್ಜನ್, ಕುಷ್ಠರೋಗಿಗಳ ಕೈಕಾಲು ಬೆರಳು ಯಾಕೆ ಹೋಗ್ತವೆ ಅಂತ ಹುಡುಕಿದರು. ಮಾಂಸ ತಾನಾಗಿ ಕೊಳೆಯೋದಿಲ್ಲ, ನೋವು ಗೊತ್ತಾಗದೆ ಆಗುವ ಗಾಯಗಳೇ ಅಂಗಾಂಗ ತಿನ್ನುತ್ತವೆ ಅಂತ ತೋರಿಸಿಕೊಟ್ಟರು. ಮುಂದೆ ಅಮೆರಿಕಕ್ಕೆ ಹೋದ ಮೇಲೆ ಇದೇ ವಿದ್ಯೆಯನ್ನು ಶುಗರ್ ಕಾಯಿಲೆಯವರ ಕಾಲಿಗೂ ಅನ್ವಯಿಸಿದರು. ಕುಷ್ಠರೋಗಿಗಳ ಮರಗಟ್ಟಿದ ಪಾದಕ್ಕೆ ಅಂತಲೇ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಬಂತು. ಎಂಸಿಆರ್ ಚಪ್ಪಲಿ ಅಂತಾರೆ. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇವತ್ತಿಗೂ ಸ್ಪರ್ಶ ಕಳೆದುಕೊಂಡ ಪಾದದವರಿಗೆ ಇದನ್ನು ಪುಕ್ಕಟೆ ಕೊಡ್ತಾರೆ. ಕಾಲು ನೆನೆಸೋದು ಹೇಗೆ, ಉಜ್ಜೋದು ಹೇಗೆ, ಎಣ್ಣೆ ಹಚ್ಚೋದು ಹೇಗೆ ಅಂತ ಕೈಹಿಡಿದು ಕಲಿಸ್ತಾರೆ. ಬಹಳ ಒಳ್ಳೆಯ ಕೆಲಸ. ಕೈಮುಗೀಬೇಕು.

ಈಗ ನನ್ನ ಪ್ರಶ್ನೆ. ಅದೇ ಮರಗಟ್ಟಿದ ಪಾದ, ಅದೇ ಗಾಯ, ಅದೇ ಕತ್ತರಿ. ಶುಗರ್ ಕಾಯಿಲೆಯವನಿಗೆ ಯಾಕೆ ಆ ಚಪ್ಪಲಿ ಇಲ್ಲ? ಯಾಕೆ ಆ ಪಾಠ ಇಲ್ಲ?

"ಅವರ ಸಂಖ್ಯೆ ಜಾಸ್ತಿ ಸಾರ್, ಎಲ್ಲರಿಗೂ ಕೊಡೋಕಾಗುತ್ತಾ" ಅಂತೀರೇನೋ. ಹೌದು, ಜಾಸ್ತಿಯೇ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ. ಆದರೆ ಎಲ್ಲರಿಗೂ ವಿಶೇಷ ಚಪ್ಪಲಿ ಬೇಕಾಗಿಲ್ಲ. ಪಾದದ ಸ್ಪರ್ಶ ಹೋದವರು ಯಾರು, ರಕ್ತ ಸಂಚಾರ ಕಮ್ಮಿ ಇರೋರು ಯಾರು, ಹಿಂದೆ ಗಾಯ ಆಗಿ ಮಾಯ್ದಿರೋರು ಯಾರು ಅಂತ ಆರಿಸಿದರೆ ಸಾಕು. ಆರಿಸಬೇಕಾದರೆ ಕಾಲು ನೋಡಬೇಕು. ಅಲ್ಲೇ ಇರೋದು ಕಷ್ಟ! ಯೋಚಿಸಿ ನೋಡಿ: ನಿಮ್ಮ ಮನೆಯಲ್ಲಿ ಶುಗರ್ ಇರುವವರು ಎಷ್ಟು ವರ್ಷದಿಂದ ಡಾಕ್ಟರ ಹತ್ತಿರ ಹೋಗ್ತಿದ್ದಾರೆ? ಅಷ್ಟು ವರ್ಷದಲ್ಲಿ "ಚಪ್ಪಲಿ ಬಿಚ್ಚಿ, ಕಾಲು ಮೇಲಿಡಿ, ನೋಡೋಣ" ಅಂದ ಡಾಕ್ಟರು ಎಷ್ಟು ಜನ?

2005ರ ವಿಶ್ವ ಮಧುಮೇಹ ದಿನದ ಘೋಷಣೆಯೇ ಪಾದದ ಆರೈಕೆ. ಪ್ರಪಂಚದಲ್ಲಿ 30 ಸೆಕೆಂಡಿಗೊಂದು ಕಾಲು ಶುಗರಿನಿಂದ ಹೋಗ್ತಿದೆ ಅಂತ ಆ ವರ್ಷ ಲ್ಯಾನ್ಸೆಟ್ ಪತ್ರಿಕೆ ಮುಖಪುಟದಲ್ಲೇ ಹಾಕಿತ್ತು. ಆಮೇಲೆ ಇಪ್ಪತ್ತು ವರ್ಷ ಕಳೆಯಿತು. ಶುಗರಿನಿಂದ ಆಗುವ ಕಾಲು ಕತ್ತರಿಕೆಗಳಲ್ಲಿ ನೂರಕ್ಕೆ ಸುಮಾರು 85ರಷ್ಟು ಶುರುವಾಗೋದು ಒಂದು ಸಣ್ಣ ಗಾಯದಿಂದ. ಹಾಗಂದರೆ ಏನರ್ಥ? ಕತ್ತರಿಸೋಕೆ ಮುಂಚೆ ತಡೆಯೋಕೆ ಒಂದು ಬಾಗಿಲು ಇತ್ತು. ನಾವು ಆ ಬಾಗಿಲಲ್ಲಿ ಯಾರನ್ನೂ ನಿಲ್ಲಿಸಲಿಲ್ಲ.

ಈಗ ಆಸ್ಪತ್ರೆ ಗೋಡೆ ಮೇಲಿನ ಪೋಸ್ಟರಿಗೆ ಬರೋಣ. "ಮಧುಮೇಹಿಗಳು ಪಾದಗಳ ಬಗ್ಗೆ ನಿಗಾ ವಹಿಸತಕ್ಕದ್ದು" ಅನ್ನೋ ಧಾಟಿಯ ಕನ್ನಡ! ನಮ್ಮ ಜಿಲ್ಲೆಯಲ್ಲಿ ಮನೆಮಾತು ತೆಲುಗು ಇರೋರು ಎಷ್ಟು ಜನ, ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ ಉರ್ದು ಮಾತಾಡೋರು ಎಷ್ಟು ಜನ, ಲೆಕ್ಕ ಹಾಕಿದ್ದಾರಾ? ಕನ್ನಡದವರಿಗೂ "ಮಧುಮೇಹಿ" ಅಂದರೆ ತಾನೇ ಅಂತ ಗೊತ್ತಾಗಲ್ಲ. ಅವನ ಬಾಯಲ್ಲಿ ಅದು ಶುಗರ್, ಇಲ್ಲವೇ ಸಕ್ಕರೆ ಕಾಯಿಲೆ.

ಭಾಷೆ ಬಿಡಿ, ಉಪದೇಶವನ್ನೇ ನೋಡಿ.

"ಬರಿಗಾಲಲ್ಲಿ ನಡೀಬೇಡಿ." ಸರಿ. ಹುಳು ಮನೆಗೆ ಚಪ್ಪಲಿ ಹಾಕಿಕೊಂಡು ಹೋಗೋ ಹಾಗಿಲ್ಲ. ಹಿಪ್ಪುನೇರಳೆ ಕೊಯ್ದ ತೋಟದಲ್ಲಿ ಚೂಪಾದ ಮೋಟುಗಳು ನಿಂತಿರ್ತವೆ, ಹನಿ ನೀರಾವರಿಯ ಕೆಸರಲ್ಲಿ ಹವಾಯಿ ಚಪ್ಪಲಿ ಕಿತ್ತು ಬರುತ್ತೆ. ದೇವಸ್ಥಾನಕ್ಕೆ, ಮಸೀದಿಗೆ, ಅಡುಗೆಮನೆಗೆ ಚಪ್ಪಲಿ ನಿಷಿದ್ಧ. ಆಷಾಢದಲ್ಲಿ ನಂದಿ ಗಿರಿಪ್ರದಕ್ಷಿಣೆಗೆ ಬರಿಗಾಲಲ್ಲೇ ಹೋಗೋ ಹರಕೆ. ವಿದುರಾಶ್ವತ್ಥದಲ್ಲೋ ಕೈವಾರದಲ್ಲೋ ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ. ಸ್ಪರ್ಶ ಇದ್ದವನು ಕುಣಿದು ನೆರಳಿಗೆ ಓಡ್ತಾನೆ. ಸ್ಪರ್ಶ ಇಲ್ಲದವನು ಭಕ್ತಿಯಿಂದ ನಿಧಾನಕ್ಕೆ ಸುತ್ತು ಹಾಕ್ತಾನೆ, ಮನೆಗೆ ಬಂದ ಮೇಲೆ ಅಂಗಾಲಲ್ಲಿ ಗುಳ್ಳೆ. ಹರಕೆ ಬಿಡಿ ಅಂತ ನಾನು ಹೇಳ್ತಿಲ್ಲ. ಮನೆಯೊಳಗೆ ಒಂದು ಬೇರೆ ಚಪ್ಪಲಿ ಇಟ್ಟುಕೊಳ್ಳಿ, ಹುಳು ಮನೆಗೇ ಅಂತ ಒಂದು ತೊಳೆದ ಜೊತೆ ಇಡಿ, ದೇವಸ್ಥಾನಕ್ಕೆ ಬಿಸಿಲೇರೋಕೆ ಮುಂಚೆ ಹೋಗಿ, ಬಂದ ಕೂಡಲೇ ಅಂಗಾಲು ನೋಡಿಕೊಳ್ಳಿ ಅಂತ ಯಾರಾದರೂ ನಮ್ಮ ಬದುಕು ನೋಡಿ ಪಾಠ ಬರೆದಿದ್ದಾರಾ?

"ಗಾಯವನ್ನು ಒದ್ದೆ ಮಾಡಬೇಡಿ." ಫಿಲೇಚರಿನಲ್ಲಿ ಗೂಡು ಬೇಯಿಸೋ ನೀರು ದಿನಾ ನೆಲದ ಮೇಲೆ. ಕೈ ಬಿಸಿನೀರಲ್ಲಿ, ಕಾಲು ತಣ್ಣೀರಲ್ಲಿ, ಹೊತ್ತುಗಟ್ಟಲೆ.

"ಕಾಲಿಗೆ ರೆಸ್ಟ್ ಕೊಡಿ." ಇದು ಎಲ್ಲಕ್ಕಿಂತ ದೊಡ್ಡ ಜೋಕು. ಅಂಗಾಲಿನ ಗಾಯ ಮಾಯಬೇಕಾದರೆ ಅದರ ಮೇಲೆ ಭಾರ ಬೀಳಬಾರದು, ನಿಜ. ಮುಲಾಮಿಗಿಂತ ಇದೇ ಮುಖ್ಯ. ಆದರೆ ಚಿಂತಾಮಣಿ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಹೊರುವವನು ಎರಡು ತಿಂಗಳು ಕಾಲು ಕೆಳಗಿಡದೆ ಕೂತರೆ ಮನೆಯಲ್ಲಿ ಒಲೆ ಉರಿಯೋದು ಹೇಗೆ? ಭಾರ ತಪ್ಪಿಸೋಕೆ ಅಂತಲೇ ಪಾದಕ್ಕೆ ಅಚ್ಚುಕಟ್ಟಾಗಿ ಹಾಕುವ ಪ್ಲಾಸ್ಟರ್ ಇದೆ, ಅದನ್ನು ಹಾಕಿಕೊಂಡು ಅಷ್ಟಿಷ್ಟು ಓಡಾಡಬಹುದು. ಹಾಕೋಕೆ ತರಬೇತಿ ಪಡೆದ ಕೈ ಬೇಕು. ಗೌರಿಬಿದನೂರಿನ ರೋಗಿಗೆ ಅಂಥ ಕೈ ತನ್ನ ತಾಲ್ಲೂಕಿನಲ್ಲೇ ಸಿಗಬೇಕು, ಬೆಂಗಳೂರಿನ ಬಸ್ಸು ಹತ್ತಿದ ಮೇಲಲ್ಲ.

ಹೆಂಗಸರ ವಿಷಯ ಇನ್ನೊಂದು ತರ. ಕಾಲುಂಗುರದ ಕೆಳಗೆ ಆದ ಗಾಯ ವಾರಗಟ್ಟಲೆ ಕಾಣೋದಿಲ್ಲ. ಬೆರಳು ಊದಿಕೊಂಡರೂ ಬಿಚ್ಚೋಕೆ ಮನಸ್ಸು ಬರಲ್ಲ, ಮುತ್ತೈದೆ ಅಲ್ವಾ? ಒದ್ದೆ ಅಂಗಳ, ಒದ್ದೆ ಬಚ್ಚಲು, ಬೆರಳ ಸಂದಿಯಲ್ಲಿ ಸದಾ ಬಿರುಕು. ಮನೆಯವರ ಕಾಲಿಗೆ ಪಟ್ಟಿ ಕಟ್ಟೋರು ಅವರೇ, ಅವರ ಕಾಲನ್ನು ನೋಡೋರು ಯಾರೂ ಇಲ್ಲ.

ಗಾಯ ಆದ ಮೇಲಿನ ಬದುಕು ಹೇಗಿರುತ್ತೆ ಗೊತ್ತಾ? ನಮ್ಮ ಹತ್ತಿರದ ನೆಂಟರೊಬ್ಬರನ್ನು ನೋಡಿದ್ದೀನಿ. ಊರಿನ ನ್ಯಾಯ ಪಂಚಾಯ್ತಿಗೆಲ್ಲ ಮುಂದೆ ನಿಲ್ಲುತ್ತಿದ್ದ ಮನುಷ್ಯ. ಗಾಯದ ವಾಸನೆ ಶುರುವಾದ ಮೇಲೆ ತಾವಾಗಿಯೇ ಜಗುಲಿಗೆ ಹಾಸಿಗೆ ಹಾಕಿಸಿಕೊಂಡರು. ಸ್ವಂತ ಅಣ್ಣನ ಮಗಳ ಮದುವೆಗೆ ಹೋಗಲಿಲ್ಲ. ಮೊಮ್ಮಗು ಹತ್ತಿರ ಬಂದರೆ "ಹೋಗಪ್ಪ ಆಕಡೆ" ಅಂತಿದ್ದರು. ದಿನ ಬಿಟ್ಟು ದಿನ ಡ್ರೆಸಿಂಗಿಗೆ ಆಟೋ, ಜತೆಗೆ ಬರೋ ಮಗನ ಕೂಲಿ ಖೋತಾ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬೆರಳು ತೆಗೆದರು, ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರೇ ಒಂದು ಪುಟ. ಇನ್ನೊಂದು ಕಾಲನ್ನು ಹೇಗೆ ನೋಡಿಕೊಳ್ಳಬೇಕು ಅಂತ ಒಂದು ಸಾಲೂ ಇಲ್ಲ. ಎಂಥ ಚಪ್ಪಲಿ ಹಾಕಬೇಕು ಅಂತಲೂ ಇಲ್ಲ. ಹಳೇ ಹವಾಯಿ ಚಪ್ಪಲಿಯಲ್ಲೇ ಮನೆಗೆ ಬಂದರು.

ಗಾಯ ಮಾಯ್ದರೆ ಮುಗಿಯಿತು ಅಂದುಕೊಳ್ಳಬೇಡಿ. ಮಾಯ್ದವರಲ್ಲಿ ನೂರಕ್ಕೆ ಸುಮಾರು 40 ಜನಕ್ಕೆ ಒಂದೇ ವರ್ಷದೊಳಗೆ ಮತ್ತೆ ಗಾಯ ಆಗುತ್ತೆ, ಐದು ವರ್ಷದಲ್ಲಿ ಸುಮಾರು 65 ಜನಕ್ಕೆ. ಮೊದಲ ಸಲ ಗಾಯ ಆದವರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತೆ ಅಂತ ಇಂಗ್ಲೆಂಡಿನ ಒಂದು ಅಧ್ಯಯನ 2007ರಲ್ಲೇ ಹೇಳಿದೆ. ನಮ್ಮಲ್ಲಿ ಅದಕ್ಕೆ ಖಿನ್ನತೆ ಅಂತ ಹೆಸರಿಲ್ಲ. "ಯಾಕೋ ಸಪ್ಪಗಿದ್ದಾರೆ, ವಯಸ್ಸಾಯ್ತು" ಅಂತೀವಿ ಅಷ್ಟೇ.

ಇನ್ನು ಸರ್ಕಾರದ ಲೆಕ್ಕಾಚಾರ ನೋಡಿ, ನಗಬೇಕೋ ಅಳಬೇಕೋ ತಿಳಿಯಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. ಕಾಲು ಕತ್ತರಿಸೋಕೆ ಕಾರ್ಡು ನಡೆಯುತ್ತೆ. ಕಾಲು ಉಳಿಸೋ ಚಪ್ಪಲಿಗೆ ನಡೆಯಲ್ಲ! ಒಂದು ಆಪರೇಷನ್ನಿನ ದುಡ್ಡಲ್ಲಿ ಎಷ್ಟು ಜನಕ್ಕೆ ಮೆತ್ತನೆ ಚಪ್ಪಲಿ ಹೊಲಿಸಬಹುದು ಅಂತ ನೀವೇ ಲೆಕ್ಕ ಹಾಕಿ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. "ರೋಗಿಗಳಿಗೆ ಶಿಕ್ಷಣ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತೆ" ಅನ್ನೋದೂ ಅರ್ಧಸತ್ಯ. ಪ್ರಪಂಚದ ಬೇರೆಬೇರೆ ಕಡೆ ನಡೆದ 12 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2014ರ ಕಾಕ್ರೇನ್ ಸಮೀಕ್ಷೆ ಪ್ರಕಾರ, ಪಾಠ ಕೇಳಿದವರಿಗೆ ಕೆಲಕಾಲ ತಿಳುವಳಿಕೆ ಹೆಚ್ಚುತ್ತೆ, ಕಾಲು ನೋಡಿಕೊಳ್ಳೋ ಅಭ್ಯಾಸವೂ ಸ್ವಲ್ಪ ಸುಧಾರಿಸುತ್ತೆ. ಆದರೆ ಬರೀ ಪಾಠದಿಂದಲೇ ಗಾಯ, ಕತ್ತರಿಕೆ ಕಮ್ಮಿ ಆಗುತ್ತೆ ಅನ್ನೋಕೆ ಸಾಕಷ್ಟು ಪುರಾವೆ ಸಿಗಲಿಲ್ಲ. ಇದನ್ನೇ ಹಿಡಿದುಕೊಂಡು "ನೋಡಿ, ಹೇಳಿದರೂ ಪ್ರಯೋಜನ ಇಲ್ಲ" ಅನ್ನೋರೂ ಇದ್ದಾರೆ.

ನನಗೆ ಅದರಲ್ಲಿ ಕಾಣೋದು ಬೇರೆ. ಮತ್ತೆ ಹುಳು ಮನೆಗೇ ಬನ್ನಿ. ರೇಷ್ಮೆ ಇಲಾಖೆಯವರು ಬರೀ ಭಾಷಣ ಮಾಡಿ ಹೋಗಿದ್ದರೆ ನಮ್ಮ ರೈತ ಹಾಲುತೊಂಡೆ ಗುರುತಿಸೋದು ಕಲಿಯುತ್ತಿದ್ದನಾ? ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಗಳಿಂದ ಜನ ಮನೆಗೆ ಬಂದರು. ತಟ್ಟೆಯಿಂದ ಕಾಯಿಲೆ ಹುಳ ಎತ್ತಿ ಅಂಗೈ ಮೇಲಿಟ್ಟು ತೋರಿಸಿದರು. ಮೊಟ್ಟೆಯನ್ನು ಗಂಟು ರೋಗಕ್ಕೆ ಮೈಕ್ರೋಸ್ಕೋಪಿನಲ್ಲಿ ಪರೀಕ್ಷೆ ಮಾಡಿಯೇ ಕೊಟ್ಟರು. ಚಾಕಿ ಕಟ್ಟಿಕೊಡೋ ಕೇಂದ್ರಗಳು ಬಂದವು, ಸೋಂಕು ನಿವಾರಕಕ್ಕೆ, ಹುಳು ಮನೆ ಕಟ್ಟೋಕೆ ಸಬ್ಸಿಡಿ ಬಂತು, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜೇ ಬಂತು. ಬೆಳೆದ ಗೂಡಿಗೆ ಶಿಡ್ಲಘಟ್ಟದಂಥ ದೊಡ್ಡ ಮಾರುಕಟ್ಟೆ ಇತ್ತು. ಪಾಠದ ಜತೆ ಸಾಮಾನು, ಸಾಮಾನಿನ ಜತೆ ಮನುಷ್ಯ, ಮನುಷ್ಯನ ಜತೆ ಮತ್ತೆ ಮತ್ತೆ ಭೇಟಿ. ಅದಕ್ಕೇ ಕಲಿತರು. ಕಾಲಿನ ವಿಷಯದಲ್ಲಿ ನಾವು ಕೊಟ್ಟಿರೋದು ಬರೀ ಪೋಸ್ಟರು. ಕಲಿಯಲಿಲ್ಲ ಅಂತ ಬೈಯೋದು ಬೇರೆ!

ಹಾಗಾದರೆ ಏನು ಮಾಡಬೇಕು? ಕೋಟಿಗಟ್ಟಲೆ ಯೋಜನೆ ಏನೂ ಕೇಳ್ತಿಲ್ಲ.

ಒಂದು. ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಶುಗರ್ ನೋಡೋ ದಿನ ಪ್ರತಿಯೊಬ್ಬರ ಚಪ್ಪಲಿ ಬಿಚ್ಚಿಸಿ ಕಾಲು ನೋಡಬೇಕು. ಡಾಕ್ಟರಿಗೆ ಪುರುಸೊತ್ತಿಲ್ಲ, ಹೊರಗೆ ಸಾಲು ಹನುಮಂತನ ಬಾಲದ ಹಾಗಿರುತ್ತೆ, ಒಪ್ಪಿದೆ. ಇದಕ್ಕೆ ಡಾಕ್ಟರೇ ಬೇಕಿಲ್ಲ, ನರ್ಸ್ ಸಾಕು. ಒಂದು ನಿಮಿಷದ ಕೆಲಸ.

ಎರಡು. ಕುಷ್ಠರೋಗಿಗಳಿಗೆ ಕೊಡುವ ಎಂಸಿಆರ್ ಚಪ್ಪಲಿ ಸ್ಪರ್ಶ ಹೋದ ಶುಗರ್ ರೋಗಿಗಳಿಗೂ ತಾಲ್ಲೂಕಿನಲ್ಲೇ ಸಿಗಬೇಕು. ನೋಡೋಕೆ ಮಾಮೂಲಿ ಚಪ್ಪಲಿ ಹಾಗೇ ಇರಲಿ, ಇಲ್ಲದಿದ್ದರೆ ಜನ ನಾಚಿಕೆಗೆ ಹಾಕಲ್ಲ.

ಮೂರು. ಚಿಕ್ಕಬಳ್ಳಾಪುರದಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಅಲ್ಲಿಂದ ವಾರಕ್ಕೊಂದು ದಿನ ಒಂದೊಂದು ತಾಲ್ಲೂಕಿಗೆ ಪಾದದ ಕ್ಲಿನಿಕ್ ಬರಲಿ. ಗಾಯ ಕಂಡರೆ ಅದೇ ವಾರ ದೊಡ್ಡಾಸ್ಪತ್ರೆಗೆ ಕಳಿಸೋ ದಾರಿ ಇರಲಿ.

ನಾಲ್ಕು. ಪಾಠ ಜನ ಇರೋ ಕಡೆ ನಡೆಯಲಿ. ಗೂಡಿನ ಮಾರುಕಟ್ಟೆಯಲ್ಲಿ, ಎಪಿಎಂಸಿಯಲ್ಲಿ, ಹಾಲಿನ ಡೇರಿಯಲ್ಲಿ. ಕನ್ನಡ, ತೆಲುಗು, ಉರ್ದು ಮೂರರಲ್ಲೂ. ರೋಗಿಯ ಜತೆ ಮನೆಯವರನ್ನೂ ಕೂರಿಸಿ. 2024ರ ಅಕ್ಟೋಬರಿನಲ್ಲಿ ಪಕ್ಕದ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡೋ ಏರ್ಪಾಟಿದೆ. ಬಂದವರು ಹಾಗೇ ಕಾಲನ್ನೂ ನೋಡಲಿ. ಆದರೆ ಈ ಭಾರವನ್ನೂ ಆಶಾ ಕಾರ್ಯಕರ್ತೆಯರ ತಲೆ ಮೇಲೆ ಪುಕ್ಕಟೆ ಹೊರಿಸಬೇಡಿ. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಅವರು ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತಿದ್ದನ್ನು ನೋಡಿದ್ದೀವಲ್ಲ. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ದುಡ್ಡು ಕೊಡಿ.

ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿನವರೆಗೆ ಓದುವ ಆಸೆಗೆ ನಡೆದುಕೊಂಡೇ ಹೋದ ಹುಡುಗನೊಬ್ಬ ಮುಂದೆ ಡಾ. ಎಚ್. ನರಸಿಂಹಯ್ಯ ಆದರು, ನಾಡಿಗೆಲ್ಲ ಪ್ರಶ್ನೆ ಕೇಳೋದು ಕಲಿಸಿದರು. ಅವರ ನೆಲದವರು ನಾವು. ಆಸ್ಪತ್ರೆಯಲ್ಲಿ "ಸಾರ್, ನನ್ನ ಕಾಲು ಒಂದ್ಸಲ ನೋಡ್ತೀರಾ?" ಅಂತ ಕೇಳೋಕೆ ಯಾಕೆ ಹೆದರಬೇಕು?

ಸರ್ಕಾರ ಮಾಡೋ ತನಕ ಕಾಯಬೇಡಿ. ಇವತ್ತು ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಶುಗರ್ ಇರುವ ಅಪ್ಪನನ್ನೋ ಅಮ್ಮನನ್ನೋ ಕೂರಿಸಿ. ಕಣ್ಣು ಮುಚ್ಚಿಕೊಳ್ಳೋಕೆ ಹೇಳಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಬೆರಳ ತುದಿಯನ್ನು ಒಂದೊಂದಾಗಿ, ಹಗುರವಾಗಿ, ಒಂದೆರಡು ಸೆಕೆಂಡು ಮುಟ್ಟಿ. ಒತ್ತಬೇಡಿ, ಉಜ್ಜಬೇಡಿ. ಮುಟ್ಟಿದ್ದು ಗೊತ್ತಾದಾಗ ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಆ ಪಾದ ಅಪಾಯದಲ್ಲಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಡಾಕ್ಟರುಗಳು ರೂಪಿಸಿದ ಪರೀಕ್ಷೆ ಇದು, ಖರ್ಚು ಸೊನ್ನೆ. ಹಾಗೇ ಅಂಗಾಲು ನೋಡಿ, ಬೆರಳ ಸಂದಿ ನೋಡಿ, ಹಿಮ್ಮಡಿ ನೋಡಿ. ಆಣಿ ಇದ್ದರೆ ಬ್ಲೇಡು ಹಾಕಬೇಡಿ. ಗಾಯ, ಊತ, ಕಪ್ಪು, ಕೀವು, ಒಂದು ಪಾದ ಇನ್ನೊಂದಕ್ಕಿಂತ ಬಿಸಿ, ಇಷ್ಟರಲ್ಲಿ ಯಾವುದು ಕಂಡರೂ ನೋವಿಲ್ಲ ಅಂತ ಸುಮ್ಮನಿರಬೇಡಿ. ಅರಿಶಿಣ ಎಣ್ಣೆ ಹಚ್ಚಿ ಕಾಯಬೇಡಿ. ಮಾರನೇ ದಿನವೇ ಆಸ್ಪತ್ರೆ. ಜ್ವರವೂ ಇದ್ದರೆ ಬೆಳಗಾಗೋ ತನಕವೂ ಕಾಯಬೇಡಿ.

ಹುಳುವಿಗೆ ದಿನಾ ಮಾಡೋದನ್ನೇ ಕಾಲಿಗೂ ಮಾಡಿ ಅಂತ ಕೇಳ್ತಿದ್ದೀನಿ, ಅಷ್ಟೇ. ಹುಳು ಹೋದರೆ ಇನ್ನೊಂದು ಬೆಳೆ ಇಡಬಹುದು.